‘ಚೆಂಡು ಒದ್ದು ಎಲ್ಲಿಗೆ ಹೋಗ್ತಾರೆ ಮೇಷ್ಟ್ರೇ?’: ಮಲೆನಾಡಿನ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಮಲೆನಾಡಿನ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ, ಶಾಲಾ ಸಮಿತಿಯವರಿಗೆ ಮತ್ತು ನಮ್ಮ ಮಕ್ಕಳ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನೊಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ಈ ಪತ್ರ ಬರೆಯಲು ಕಾರಣ ಒಂದು ಪ್ರಶ್ನೆ.

ಹೋದ ತಿಂಗಳು ನಮ್ಮೂರಲ್ಲಿ ಒಂದು ಸಭೆ ಇತ್ತು. ಶಾಲೆ ಮೈದಾನದ ಅರ್ಧ ಭಾಗದಲ್ಲಿ ಸಮುದಾಯ ಭವನ ಕಟ್ಟುವ ಮಾತು ಬಂತು. ಭವನ ಬೇಡ ಅಂತ ನಾನು ಹೇಳಲಿಲ್ಲ. ಮಳೆ ಹಿಡಿದಾಗ ಒಂದು ಕಾರ್ಯ ಮಾಡಬೇಕಾದರೆ ನಮ್ಮವರು ಎಷ್ಟು ಕಷ್ಟಪಡುತ್ತಾರೆ ಅಂತ ನನಗೆ ಗೊತ್ತು. ಜಾಗ ಬೇರೆ ಕಡೆ ನೋಡೋಣ, ಮೈದಾನ ಮಕ್ಕಳಿಗೆ ಬಿಡೋಣ ಅಂದೆ. ಆಗ ಹಿರಿಯರೊಬ್ಬರು ಕೇಳಿದರು.

“ಅಲ್ಲ ಮೇಷ್ಟ್ರೇ, ನಮ್ಮೂರ ಮಕ್ಕಳು ಇಲ್ಲಿ ಚೆಂಡು ಒದ್ದು ಎಲ್ಲಿಗೆ ಹೋಗ್ತಾರೆ?”

ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರ ಇಬ್ಬರು ಮೊಮ್ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಾರೆ. ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದ್ದು. ನನಗೆ ಆಗ ಮಾತು ಹೊರಡಲಿಲ್ಲ. ಇಷ್ಟು ವರ್ಷ ಮೈದಾನದಲ್ಲೇ ನಿಂತವನಿಗೆ ಈ ಪ್ರಶ್ನೆಗೆ ಉತ್ತರ ಹೇಳಲು ಬರಲಿಲ್ಲವಲ್ಲ ಅಂತ ಮನೆಗೆ ಬಂದ ಮೇಲೂ ಬೇಜಾರಾಗುತ್ತಲೇ ಇತ್ತು. ಉತ್ತರ ಇದೆ. ಸ್ವಲ್ಪ ಉದ್ದ ಇದೆ. ಇದೇ ಪ್ರಶ್ನೆ ನಿಮ್ಮ ಊರುಗಳಲ್ಲೂ ಎದ್ದಿರುತ್ತದೆ, ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಮಟ್ಟಸ ನೆಲ ಎಷ್ಟು ಅಪರೂಪ ಅಂತ ನಿಮಗೆ ಹೇಳಬೇಕಾಗಿಲ್ಲ. ತಗ್ಗಿನಲ್ಲಿ ಗದ್ದೆ, ತೋಟ. ಅದರ ಮೇಲೆ ಮನೆ. ಮನೆ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ಇಷ್ಟರ ನಡುವೆ ಶಾಲೆಗೆ ಅಂತ ಒಂದು ಎಕರೆ ಉಳಿದಿದ್ದರೆ ಅದರ ಹಿಂದೆ ಯಾರದೋ ದೊಡ್ಡ ಮನಸ್ಸಿದೆ. ಊರವರು ಸೇರಿ ಧರೆ ಕಡಿದಿದ್ದಾರೆ. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತಿದ್ದಾರೆ. ಈಚೆಗೆ ಕೆಲವು ಕಡೆ ಉದ್ಯೋಗ ಖಾತ್ರಿ ಕೆಲಸದಲ್ಲೂ ಮೈದಾನ ಮಟ್ಟ ಮಾಡಿದ್ದಾರೆ. ಒಮ್ಮೆ ಕಟ್ಟಡ ಎದ್ದರೆ ಆ ಜಾಗ ಮತ್ತೆ ಸಿಗುವುದಿಲ್ಲ. ಇನ್ನೊಂದು ಧರೆ ಕಡಿಯಲು ಈಗ ಯಾರಿಗೂ ಪುರುಸೊತ್ತಿಲ್ಲ.

ನಾನಿದ್ದ ಒಂದು ಶಾಲೆಯ ಮೈದಾನಕ್ಕೆ ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ. ಮಳೆಗಾಲದಲ್ಲಿ ಚೆಂಡು ಹಳ್ಳಕ್ಕೆ ಬಿದ್ದರೆ ಆಸೆ ಬಿಟ್ಟಂತೆಯೇ. ಆ ಬದಿಗೆ ಅಡಿಕೆ ದಬ್ಬೆಯ ಬೇಲಿ ಕಟ್ಟಿದೆವು. ಆದರೂ ವರ್ಷಕ್ಕೆ ಎರಡು ಮೂರು ಚೆಂಡು ಹೋಗುತ್ತಿತ್ತು. ಅಲ್ಲಿ ಆಡಿದ ಮಕ್ಕಳಿಗೆ ಯಾರೂ ಕಲಿಸದೆ ಒಂದು ವಿದ್ಯೆ ಬಂತು. ಚೆಂಡನ್ನು ಕಾಲಿನ ಹತ್ತಿರವೇ ಇಟ್ಟುಕೊಂಡು ಓಡುವುದು. ಸುಮ್ನೆ ಜೋರಾಗಿ ಒದ್ದರೆ ಚೆಂಡೂ ಹೋಯಿತು, ಆಟವೂ ಹೋಯಿತು. ದೊಡ್ಡ ಊರಿನ ಮಕ್ಕಳಿಗೆ ಇದನ್ನು ಕಲಿಸಲು ಕೋಚ್‌ಗಳು ಕೋನ್ ಸಾಲಾಗಿ ಇಟ್ಟು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ನಮ್ಮ ಮಕ್ಕಳಿಗೆ ಆ ಹಳ್ಳವೇ ಕಲಿಸಿತು.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ಜೂನ್ ಬಂದರೆ ಮಕ್ಕಳು ಕ್ರಿಕೆಟ್ ಬ್ಯಾಟನ್ನು ಅಟ್ಟಕ್ಕೆ ಹಾಕುತ್ತಾರೆ. ಕಬಡ್ಡಿ, ಖೊ ಖೊ ಅಂಕಣಕ್ಕೆ ಹಾಕಿದ ಸುಣ್ಣದ ಗೆರೆ ಹತ್ತು ನಿಮಿಷ ನಿಲ್ಲುವುದಿಲ್ಲ. ನಾಲ್ಕು ತಿಂಗಳು ಮಕ್ಕಳು ಜಗಲಿಯಲ್ಲೇ ಕೂರಬೇಕು. ಆ ಮಳೆಯಲ್ಲೂ ಆಡಬಹುದಾದ ಆಟ ಫುಟ್‌ಬಾಲ್. ಸಿಡಿಲು ಇದ್ದರೆ ನಾನೇ ಎಲ್ಲರನ್ನೂ ಒಳಗೆ ಕಳಿಸುತ್ತಿದ್ದೆ. ಬರೀ ಮಳೆ ಆದರೆ ಬಿಡುತ್ತಿದ್ದೆ. ಆಟ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಾಲಿಗೆ ಹತ್ತಿದ ಉಂಬಳಕ್ಕೆ ಉಪ್ಪು ಮುಟ್ಟಿಸಿ ಬಿಡಿಸುವುದು, ಆಮೇಲೆ ಬಿಸಿಯೂಟದ ಒಲೆ ಹತ್ತಿರ ಕಾಯಿಸಿಕೊಳ್ಳಲು ಬಿಡುವುದು. ನನ್ನ ಕೆಲಸದ ದಿನಗಳಲ್ಲಿ ನನಗೆ ಈಗಲೂ ಜಾಸ್ತಿ ನೆನಪಾಗುವುದು ಆ ಸಂಜೆಗಳೇ.

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಚೆಂಡು ಒದ್ದು ಎಲ್ಲಿಗೆ ಹೋಗಬಹುದು?

ದಕ್ಷಿಣ ಸಿಕ್ಕಿಂನ ಬೆಟ್ಟದಲ್ಲಿ ತಿಂಕಿತಾಮ್ ಅಂತ ಒಂದು ಹಳ್ಳಿ ಇದೆ. ಅಲ್ಲೂ ಇಳಿಜಾರು, ಅಲ್ಲೂ ಮಳೆ, ಅಲ್ಲೂ ಬೇಸಾಯ. ಸಿಕ್ಕಿಂ ನಮ್ಮ ದೇಶಕ್ಕೆ ಸೇರಿದ್ದು 1975ರಲ್ಲಿ. ಮರುವರ್ಷ, 1976ರ ಡಿಸೆಂಬರ್ 15ರಂದು, ಆ ಹಳ್ಳಿಯ ರೈತ ದಂಪತಿಗೆ ಒಬ್ಬ ಮಗ ಹುಟ್ಟಿದ. ಬೈಚುಂಗ್ ಭುಟಿಯಾ. ಅಪ್ಪ ಅಮ್ಮನಿಗೆ ಹುಡುಗ ಆಟಕ್ಕೆ ಬೀಳುವುದು ಅಷ್ಟು ಇಷ್ಟವಿರಲಿಲ್ಲ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಅಪ್ಪ ಬೇಗ ತೀರಿಕೊಂಡರು. ಆಮೇಲೆ ಬಂಧುವೊಬ್ಬರು ಧೈರ್ಯ ಕೊಟ್ಟು ಓದಲು, ಆಡಲು ಕಳಿಸಿದರು.

ಹುಡುಗನಿಗೆ ಒಂಬತ್ತು ವರ್ಷ ಇದ್ದಾಗ ಭಾರತೀಯ ಕ್ರೀಡಾ ಪ್ರಾಧಿಕಾರದ ಫುಟ್‌ಬಾಲ್ ವಿದ್ಯಾರ್ಥಿವೇತನ ಸಿಕ್ಕಿತು. ಗ್ಯಾಂಗ್ಟಕ್‌ನ ತಾಶಿ ನಾಮ್‌ಗ್ಯಾಲ್ ಅಕಾಡೆಮಿಗೆ ಸೇರಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅಂತ ಕೇಳಿಕೊಳ್ಳುತ್ತೇನೆ. ಒಂಬತ್ತು ವರ್ಷ ಅಂದರೆ ನಮ್ಮ ನಾಲ್ಕನೇ ಕ್ಲಾಸಿನ ಮಗು. ಕ್ರೀಡಾ ಪ್ರಾಧಿಕಾರ ಶುರುವಾಗಿದ್ದೇ 1984ರಲ್ಲಿ. ಶುರುವಾದ ಒಂದೆರಡು ವರ್ಷದಲ್ಲೇ ಬೆಟ್ಟದ ಮೇಲಿನ ಒಬ್ಬ ಪುಟ್ಟ ಹುಡುಗ ಅದರ ಕಣ್ಣಿಗೆ ಬಿದ್ದ. ಒಂದು ಸೀಟು ಸಿಕ್ಕಿತು. ಆಮೇಲೆ ಅವರ ಬದುಕಿನಲ್ಲಿ ನಡೆದದ್ದೆಲ್ಲ ಆ ಸೀಟಿನಿಂದಲೇ ಶುರುವಾಗಿದ್ದು. ಅದು ಸಿಗುವ ಮೊದಲು ಆ ಹುಡುಗ ಎಲ್ಲೋ ಒಂದು ಕಡೆ ಚೆಂಡು ಒದೆಯುತ್ತಿದ್ದ ತಾನೇ? ಒದೆಯಲು ಅಷ್ಟು ಜಾಗ ಇತ್ತು ತಾನೇ? ನಾನು ಕೇಳುತ್ತಿರುವುದು ಆ ಜಾಗವನ್ನೇ.

1992ರಲ್ಲಿ ಸುಬ್ರೊತೊ ಕಪ್. ಅದು ದೆಹಲಿಯಲ್ಲಿ ನಡೆಯುವ ಶಾಲಾ ಮಕ್ಕಳ ರಾಷ್ಟ್ರಮಟ್ಟದ ಪಂದ್ಯಾವಳಿ. ಅಲ್ಲಿ ಬೈಚುಂಗ್ ಅತ್ಯುತ್ತಮ ಆಟಗಾರ ಆದರು. ಭಾರತ ತಂಡದ ಹಳೆಯ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ ಅವರ ಕಣ್ಣಿಗೆ ಬಿದ್ದರು. ಮರುವರ್ಷ, ಹದಿನಾರನೇ ವಯಸ್ಸಿಗೆ, ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ಗೆ ಸೇರಿದರು. ಅದಕ್ಕಾಗಿ ಶಾಲೆ ಬಿಟ್ಟರು. ಈ ಒಂದು ಮಾತನ್ನು ನಾನು ಮಕ್ಕಳಿಗೆ ಹೇಳುವಾಗ ಯಾವಾಗಲೂ ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ. ಅವರ ಕೈಯಲ್ಲಿ ಆಗ ಒಂದು ಕ್ಲಬ್ಬಿನ ಕೆಲಸ ಇತ್ತು. ನೀವು ಓದು ಬಿಡಬೇಡಿ.

1995ರಲ್ಲಿ ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ತಂಡಕ್ಕೆ ಹೋದರು. ಅದೇ ವರ್ಷ ದೇಶದ ತಂಡಕ್ಕೆ ಆಯ್ಕೆಯಾದರು. ನಮ್ಮ ದೇಶ ನಡೆಸುತ್ತಿದ್ದ ಅಂತರರಾಷ್ಟ್ರೀಯ ಪಂದ್ಯಾವಳಿ ನೆಹರೂ ಕಪ್‌ನಲ್ಲಿ ಉಜ್ಬೇಕಿಸ್ತಾನದ ವಿರುದ್ಧ ಗೋಲು ಹೊಡೆದಾಗ ಇನ್ನೂ ಮೀಸೆ ಸರಿಯಾಗಿ ಚಿಗುರದ ಹುಡುಗ.

ಈ ಜೆ.ಸಿ.ಟಿ. ತಂಡದ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. 1996-97ರಲ್ಲಿ ನಮ್ಮ ದೇಶದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೆಯಿತು. ಗೆದ್ದದ್ದು ಜೆ.ಸಿ.ಟಿ. ಆ ತಂಡದಲ್ಲಿ ಮೂವರಿದ್ದರು. ಒಬ್ಬರು ಬೈಚುಂಗ್. ಇನ್ನೊಬ್ಬರು ತ್ರಿಶೂರಿನ ಐ.ಎಂ. ವಿಜಯನ್. ಹುಡುಗನಾಗಿದ್ದಾಗ ತ್ರಿಶೂರಿನ ಕ್ರೀಡಾಂಗಣದಲ್ಲಿ ಸೋಡಾ ಮಾರುತ್ತಿದ್ದರು. ಅವರನ್ನು ಕೇರಳ ಪೊಲೀಸ್ ತಂಡ ಹದಿಹರೆಯದಲ್ಲೇ ಕರೆದುಕೊಂಡಿತು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೂರನೆಯವರು ನಮ್ಮವರು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್.

ಚಾಪ್‌ಮನ್ ಅವರ ಹೆಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಕ್ಕಳಿಗೆ ಗೊತ್ತು? ನಾನು ಕೇಳಿ ನೋಡಿದ್ದೇನೆ. ಒಂದು ಕೈ ಏಳಲಿಲ್ಲ. ಅವರನ್ನು ಬೆಳೆಸಿದ್ದು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಆಡುತ್ತಾ ಇರಾಕ್‌ನ ಅಲ್ ಜವ್ರಾ ತಂಡದ ವಿರುದ್ಧ ಮೂರು ಗೋಲು ಹೊಡೆದರು. ಈಸ್ಟ್ ಬೆಂಗಾಲ್ ಆ ಪಂದ್ಯ ಗೆದ್ದದ್ದು 6-2ರಿಂದ. ಭಾರತ ತಂಡದ ನಾಯಕರೂ ಆದರು. ಆಟ ಬಿಟ್ಟ ಮೇಲೆ ಊರೂರಿನ ಹುಡುಗರಿಗೆ ಕೋಚ್ ಆಗಿದ್ದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತ ಆಯಿತು. ವಯಸ್ಸು 49. ಕೊರೊನಾ ಸುದ್ದಿಗಳ ನಡುವೆ ಆ ಸುದ್ದಿ ನಮ್ಮ ಕಡೆ ಯಾರ ಕಿವಿಗೂ ಬೀಳಲಿಲ್ಲ. ಅವರು ಇರುವಾಗ ಒಂದು ಸಲ ನಮ್ಮ ಕಡೆ ಕರೆಸಿ ಮಕ್ಕಳ ಎದುರು ನಿಲ್ಲಿಸಬೇಕಿತ್ತು ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

ಬೆಟ್ಟದ ರೈತನ ಮಗ, ಸೋಡಾ ಮಾರುವ ಹುಡುಗ, ಬೆಂಗಳೂರಿನ ಹುಡುಗ. ಮೂವರನ್ನೂ ಒಂದಲ್ಲ ಒಂದು ಸಂಸ್ಥೆ ಚಿಕ್ಕ ವಯಸ್ಸಿನಲ್ಲಿ ಕೈ ಹಿಡಿದು ಕರೆದುಕೊಂಡು ಹೋಯಿತು. ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ ಅಂತ ಜನ ಹೇಳುತ್ತಾರೆ. 31 ವರ್ಷದಲ್ಲಿ ನಾನು ಹಾಗೆ ನೋಡಿಲ್ಲ.

1997ರ ಜುಲೈ 13, ಭಾನುವಾರ. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ. ಫೆಡರೇಷನ್ ಕಪ್ ಸೆಮಿಫೈನಲ್, ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗನ್. ಬೈಚುಂಗ್ ಆಗ ಈಸ್ಟ್ ಬೆಂಗಾಲ್‌ಗೆ ವಾಪಸ್ ಬಂದಿದ್ದರು. ನೋಡಲು ಸೇರಿದ್ದವರು 1,31,000 ಜನ. ಹೆಚ್ಚುಕಡಿಮೆ ನಮ್ಮ ಒಂದು ತಾಲ್ಲೂಕಿನ ಜನವೆಲ್ಲ ಒಂದೇ ಕಡೆ ಕೂತಂತೆ. ಮೋಹನ್ ಬಾಗನ್ ಕೋಚ್ ಅಮಲ್ ದತ್ತ ಅವರ ‘ಡೈಮಂಡ್’ ಆಟ, ಅಂದರೆ ಆಟಗಾರರನ್ನು ವಜ್ರದ ಆಕಾರದಲ್ಲಿ ನಿಲ್ಲಿಸಿ ಆಡಿಸುವ ರೀತಿ, ಆ ವರ್ಷ ಎಲ್ಲರ ಬಾಯಲ್ಲಿತ್ತು. ಈ ಕಡೆ ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ. ಬೈಚುಂಗ್ ಮೂರು ಗೋಲು ಹೊಡೆದರು. ಈಸ್ಟ್ ಬೆಂಗಾಲ್ ಗೆದ್ದದ್ದು 4-1ರಿಂದ. ಆಗ ನಮ್ಮೂರಿಗೆ ಪೇಪರ್ ಬರುತ್ತಿದ್ದದ್ದು ಮಧ್ಯಾಹ್ನದ ಬಸ್ಸಿಗೆ. ಅದು ನಟ್ಟಿ ಕಾಲ. ಸೋಮವಾರ ಮಧ್ಯಾಹ್ನ ಒದ್ದೆಯಾದ ಪೇಪರ್ ಬಿಡಿಸಿ, ಆ ಸುದ್ದಿಯನ್ನು ಏಳನೇ ಕ್ಲಾಸಿನಲ್ಲಿ ಜೋರಾಗಿ ಓದಿದ್ದೆ. ಬೆಟ್ಟದ ಹುಡುಗ ಅಂತ ಹೇಳಿದಾಗ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು, “ಸರ್, ನಮ್ಮ ಥರ ಬೆಟ್ಟವಾ?” ಹೌದು ಅಂದೆ.

1999ರಲ್ಲಿ ಬೈಚುಂಗ್ ಇಂಗ್ಲೆಂಡಿಗೆ ಹೋದರು. ಮೊದಲು ಬೇರೆ ಕ್ಲಬ್ಬುಗಳು ಆಡಿಸಿ ನೋಡಿ ಬೇಡ ಅಂದವು. ಕೊನೆಗೆ ಮ್ಯಾಂಚೆಸ್ಟರ್ ಹತ್ತಿರದ ಬೆರಿ ಅನ್ನುವ ಚಿಕ್ಕ ಕ್ಲಬ್ಬು ಒಪ್ಪಂದ ಮಾಡಿಕೊಂಡಿತು. ಆಗ ಅಲ್ಲಿನ ಮೂರನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ ತಂಡ. ನಮ್ಮವರು ಅವರ ಸಾಧನೆ ಹೇಳುವಾಗ ಈ ಮೂರು ವರ್ಷವನ್ನು ಬೇಗ ದಾಟಿಬಿಡುತ್ತಾರೆ. ಯಾಕೆಂದರೆ ಲೆಕ್ಕ ದೊಡ್ಡದಿಲ್ಲ. 37 ಲೀಗ್ ಪಂದ್ಯ, 3 ಗೋಲು. ಮೊದಲ ಗೋಲು ಬಂದದ್ದು 2000ದ ಏಪ್ರಿಲ್‌ನಲ್ಲಿ, ಅಂದರೆ ಸೇರಿ ಆರು ತಿಂಗಳಾದ ಮೇಲೆ. ಕೊನೆಯ ವರ್ಷ ಮೊಣಕಾಲಿನ ಗಾಯದಿಂದ ಆಡಿದ್ದೇ ಕಡಿಮೆ. ಕ್ಲಬ್ಬಿಗೂ ಹಣದ ಕಷ್ಟ ಬಂತು.

ನನಗೆ ಮಾತ್ರ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಈ ಮೂರು ವರ್ಷವೇ. ಕೋಲ್ಕತ್ತದಲ್ಲಿ ಲಕ್ಷ ಜನ ಹೆಸರು ಹಿಡಿದು ಕೂಗುತ್ತಿದ್ದರು. ಅದನ್ನು ಬಿಟ್ಟು, ಚಳಿಯ ಊರಿನಲ್ಲಿ, ತನಗಿಂತ ಗಟ್ಟಿ ಮೈಯ ಆಟಗಾರರ ನಡುವೆ ಮತ್ತೆ ಮೊದಲಿನಿಂದ ಕಲಿಯಲು ನಿಂತರು. ಎಷ್ಟು ಜನ ಹಾಗೆ ಮಾಡುತ್ತಾರೆ? ಅವರ ಹಿಂದೆ ನಮ್ಮ ದೇಶದಿಂದ ಯಾರೂ ಆ ಲೀಗಿಗೆ ಹೋಗಿ ದಾರಿ ತೋರಿಸಿರಲಿಲ್ಲ. ಸೋತ ಮಕ್ಕಳಿಗೆ ನಾನು ಕೋಲ್ಕತ್ತದ ಮೂರು ಗೋಲಿನ ಕಥೆ ಹೇಳುತ್ತಿರಲಿಲ್ಲ. ಬೆರಿಯ ಕಥೆ ಹೇಳುತ್ತಿದ್ದೆ.

ವಾಪಸ್ ಬಂದ ಮೇಲೂ ಗಾಯ ಕಾಡಿತು. ಆದರೆ 2003ರಲ್ಲಿ ಈಸ್ಟ್ ಬೆಂಗಾಲ್ ಜೊತೆ ಜಕಾರ್ತಕ್ಕೆ ಹೋಗಿ ಆಗ್ನೇಯ ಏಷ್ಯಾದ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದರು. 9 ಗೋಲು ಹೊಡೆದು, ಇಡೀ ಪಂದ್ಯಾವಳಿಯಲ್ಲೇ ಜಾಸ್ತಿ ಗೋಲು ಅವರದೇ. ಮಲೇಷ್ಯಾದ ಕ್ಲಬ್ಬುಗಳಿಗೂ ಆಡಿದರು. 2007 ಮತ್ತು 2009ರಲ್ಲಿ ಅವರ ನಾಯಕತ್ವದಲ್ಲಿ ಭಾರತ ನೆಹರೂ ಕಪ್ ಗೆದ್ದಿತು. 2008ರಲ್ಲಿ ಏಷ್ಯಾದ ಫುಟ್‌ಬಾಲ್ ಒಕ್ಕೂಟ ನಡೆಸುತ್ತಿದ್ದ ಎ.ಎಫ್.ಸಿ. ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಕಿಸ್ತಾನವನ್ನು 4-1ರಿಂದ ಸೋಲಿಸಿದರು. ಅದರಲ್ಲಿ ಮೂರು ಗೋಲು ಸುನಿಲ್ ಛೆಟ್ರಿ ಅವರದು, ಒಂದು ಬೈಚುಂಗ್ ಅವರದು. ಇವತ್ತು ನಮ್ಮ ಮಕ್ಕಳು ಬೆಂಗಳೂರು ಎಫ್‌ಸಿ ಅಂಗಿ ಹಾಕಿಕೊಂಡು ಛೆಟ್ರಿ ಛೆಟ್ರಿ ಅನ್ನುತ್ತಾರಲ್ಲ, ಆ ಛೆಟ್ರಿ ದೇಶದ ತಂಡದಲ್ಲಿ ಬೆಳೆದದ್ದು ಈ ನಾಯಕನ ಪಕ್ಕದಲ್ಲಿ.

ಆ ಗೆಲುವಿನಿಂದ ಭಾರತಕ್ಕೆ ಏಷ್ಯನ್ ಕಪ್‌ನಲ್ಲಿ ಜಾಗ ಸಿಕ್ಕಿತು. 1984ರ ನಂತರ ಮೊದಲ ಸಲ. 2011ರ ಜನವರಿಯಲ್ಲಿ, ಕತಾರ್‌ನ ದೋಹಾದಲ್ಲಿ. ಅಷ್ಟು ವರ್ಷ ಕಾದು ಪಡೆದ ಪಂದ್ಯಾವಳಿ, ಬೈಚುಂಗ್ ಅವರಿಗೆ ಗಾಯ. ಮೊದಲೆರಡು ಪಂದ್ಯ ಹೊರಗೇ ಕೂತರು. ಕೊನೆಯ ಪಂದ್ಯ ದಕ್ಷಿಣ ಕೊರಿಯಾ ವಿರುದ್ಧ. ತಂಡ ಸೋಲುತ್ತಿತ್ತು. ಕೊನೆಯ ಕೆಲವು ನಿಮಿಷ ಇರುವಾಗ ಅವರು ಮೈದಾನಕ್ಕೆ ಇಳಿದರು. ನಾನು ಟಿವಿ ಮುಂದೆ ಒಬ್ಬನೇ ಕೂತು ನೋಡುತ್ತಿದ್ದೆ. ಅವರು ಇಳಿದದ್ದು ನೋಡಿ ಎದ್ದು ನಿಂತೆ. ಕಣ್ಣು ತುಂಬಿ ಬಂತು. ತಿಂಕಿತಾಮ್‌ನ ಹುಡುಗ ಏಷ್ಯಾದ ಅತಿ ದೊಡ್ಡ ಪಂದ್ಯಾವಳಿಯ ಹುಲ್ಲಿನ ಮೇಲೆ ನಿಂತಿದ್ದ.

ಅದೇ ವರ್ಷ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ದೇಶದ ಪರ 16 ವರ್ಷ ಆಡಿದ್ದರು. 2012ರ ಜನವರಿ 10ರಂದು ದೆಹಲಿಯಲ್ಲಿ ಅವರ ಬೀಳ್ಕೊಡುಗೆ ಪಂದ್ಯಕ್ಕೆ ಜರ್ಮನಿಯ ಬೇಯರ್ನ್ ಮ್ಯೂನಿಕ್ ತಂಡವೇ ಬಂತು. ಅರ್ಜುನ, ಪದ್ಮಶ್ರೀ ಎಲ್ಲ ಮೊದಲೇ ಬಂದಿದ್ದವು. ಅವರ ಜಿಲ್ಲೆಯ ನಾಮ್ಚಿಯಲ್ಲಿ ಈಗ ಒಂದು ಕ್ರೀಡಾಂಗಣ ಇದೆ. ಅದರ ಹೆಸರು ಬೈಚುಂಗ್ ಕ್ರೀಡಾಂಗಣ. ಬೆಟ್ಟದ ನಡುವೆ ಅಷ್ಟು ಮಟ್ಟಸ ಜಾಗವನ್ನು ಆ ಜನ ಮಕ್ಕಳ ಆಟಕ್ಕೆ ಅಂತ ಇಟ್ಟುಕೊಂಡಿದ್ದಾರೆ.

ತಿಂಕಿತಾಮ್, ಗ್ಯಾಂಗ್ಟಕ್, ಕೋಲ್ಕತ್ತ, ಫಗ್ವಾಡಾ, ಬೆರಿ, ಜಕಾರ್ತ, ದೋಹಾ. ಹಿರಿಯರೇ, ನೀವು ಕೇಳಿದಿರಲ್ಲ, ಎಲ್ಲಿಗೆ ಹೋಗ್ತಾರೆ ಅಂತ. ಒಬ್ಬ ಹುಡುಗ ಇಷ್ಟು ದೂರ ಹೋದ.

ಎಲ್ಲ ಮಕ್ಕಳೂ ಅಲ್ಲಿಗೆ ಹೋಗುವುದಿಲ್ಲ ಅಂತ ನನಗೂ ಗೊತ್ತು. ನನ್ನ ಕೈಯಲ್ಲಿ ಆಡಿದವರಲ್ಲಿ ದೇಶಕ್ಕೆ ಆಡಿದವರು ಯಾರೂ ಇಲ್ಲ. ಆದರೆ ಹೋಗಬಹುದಾಗಿದ್ದ ಒಬ್ಬನಿದ್ದ. ಹೆಸರು ಬರೆಯುವುದಿಲ್ಲ. ಅವನು ಆ ಹಳ್ಳದ ಪಕ್ಕದ ಮೈದಾನದ ಹುಡುಗ. ಅಪ್ಪ ತೋಟದ ಕೂಲಿ. ಬರಿಗಾಲಲ್ಲಿ ಎಡಗಾಲಿನಿಂದ ಅವನು ಚೆಂಡು ತಿರುಗಿಸುತ್ತಿದ್ದ ರೀತಿ ನಾನು ಬೇರೆ ಯಾರಲ್ಲೂ ನೋಡಲಿಲ್ಲ. ಒಂದು ಕ್ರೀಡಾ ಹಾಸ್ಟೆಲ್‌ಗೆ ಶಿವಮೊಗ್ಗದಲ್ಲಿ ಆಯ್ಕೆ ಇತ್ತು. ಆ ಕಾಗದ ನಮ್ಮ ಶಾಲೆಗೆ ತಲುಪಿದ್ದು ಆಯ್ಕೆ ಮುಗಿದ ಮೂರನೇ ದಿನ. ಅದು ಎಲ್ಲಿ ನಿಂತಿತ್ತು ಅಂತ ಯಾರಿಗೂ ಗೊತ್ತಾಗಲಿಲ್ಲ. ನಾನೂ ಮೊದಲೇ ವಿಚಾರಿಸಬೇಕಿತ್ತು. ಮರುವರ್ಷ ಅವನ ವಯಸ್ಸು ಮೀರಿತ್ತು.

ಅವನು ಈಗ ಅಡಿಕೆ ಮೂಟೆ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಪಿಕಪ್ ಓಡಿಸುತ್ತಾನೆ. ಮರ್ಯಾದೆಯಿಂದ ದುಡಿದು ಸಂಸಾರ ಸಾಕುತ್ತಿದ್ದಾನೆ. ದಾರಿಯಲ್ಲಿ ಕಂಡರೆ ಗಾಡಿ ನಿಲ್ಲಿಸಿ ಇಳಿದು ಮಾತಾಡುತ್ತಾನೆ. ಒಂದು ಸಲ ಕೇಳಿದ, “ಸರ್, ಅವತ್ತು ಆ ಕಾಗದ ಸರಿಯಾಗಿ ಬಂದಿದ್ರೆ ನಾನು ಸೆಲೆಕ್ಟ್ ಆಗ್ತಿದ್ನಾ?” ಆಗ್ತಿದ್ದೆ ಕಣೋ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಹಾಗಾಗಿ ನಾನು ಕೈ ಮುಗಿದು ಕೇಳುವುದು ಇಷ್ಟೇ. ಮೈದಾನ ಮುಟ್ಟಬೇಡಿ. ಭವನಕ್ಕೆ, ನೀರಿನ ಟ್ಯಾಂಕಿಗೆ, ಕಸದ ಘಟಕಕ್ಕೆ ಬೇರೆ ಜಾಗ ಹುಡುಕಲು ನಾನೂ ನಿಮ್ಮ ಜೊತೆ ಬರುತ್ತೇನೆ. ಸ್ವಲ್ಪ ಇಳಿಜಾರಿದ್ದರೂ ಕಟ್ಟಡ ನಿಲ್ಲುತ್ತದೆ. ಇಳಿಜಾರಿನಲ್ಲಿ ಚೆಂಡು ನಿಲ್ಲುವುದಿಲ್ಲ.

ಕ್ರೀಡಾ ಹಾಸ್ಟೆಲ್‌ಗಳ ಆಯ್ಕೆ ಯಾವಾಗ, ಎಲ್ಲಿ, ಯಾವ ವಯಸ್ಸಿಗೆ ಅನ್ನುವುದನ್ನು ಪಂಚಾಯಿತಿಯವರೇ ಕೇಳಿ ತಿಳಿದುಕೊಳ್ಳಿ. ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸಾಲದು. ಗ್ರಾಮಸಭೆಯಲ್ಲಿ ಓದಿ ಹೇಳಿ. ಹಾಲಿನ ಡೇರಿ ಮುಂದೆ, ಸೊಸೈಟಿ ಮುಂದೆ ಹೇಳಿ. ಊರ ವಾಟ್ಸ್ಯಾಪ್ ಗುಂಪಿನಲ್ಲಿ ಅಡಿಕೆ ರೇಟು ದಿನಾ ಬರುತ್ತದೆ. ವರ್ಷಕ್ಕೊಮ್ಮೆ ಇದೂ ಬರಲಿ. ಆಯ್ಕೆಗೆ ಹೋಗುವ ಮಗುವಿಗೂ ಜೊತೆಗೆ ಹೋಗುವ ದೊಡ್ಡವರಿಗೂ ಬಸ್ ಚಾರ್ಜು, ಒಂದು ಊಟ. ಇಷ್ಟನ್ನು ಊರೇ ಕೊಡಬಹುದು. ಒಂದು ದಿನದ ಕೂಲಿ ಬಿಟ್ಟು ಬರಲಾಗದೆ ಎಷ್ಟೋ ಅಪ್ಪಂದಿರು ಮಕ್ಕಳನ್ನು ಕಳಿಸಿಲ್ಲ. ಹೊಸನಗರದ ಒಳಗಿನ ಹಳ್ಳಿಯಿಂದ ಬೆಳಿಗ್ಗೆ ಎಂಟಕ್ಕೆ ಶಿವಮೊಗ್ಗದ ನೆಹರೂ ಕ್ರೀಡಾಂಗಣ ಮುಟ್ಟಬೇಕಾದರೆ ಹಿಂದಿನ ದಿನವೇ ಹೊರಡಬೇಕು. ಆಯ್ಕೆ ಮಾಡುವವರು ವರ್ಷಕ್ಕೆ ಒಂದು ದಿನ ತೀರ್ಥಹಳ್ಳಿಗೆ, ಸಾಗರಕ್ಕೆ ಬರಲಿ ಅಂತ ನೀವೆಲ್ಲ ಸೇರಿ ಕೇಳಿದರೆ ಆ ಮಾತಿಗೆ ತೂಕ ಬರುತ್ತದೆ. ನಾನೊಬ್ಬನೇ ಕೇಳಿ ನೋಡಿದ್ದೇನೆ, ಸಾಲಲಿಲ್ಲ.

ಹಡ್ಲು ಬಿಟ್ಟ ಗದ್ದೆ ಇರುವವರಿಗೂ ಒಂದು ಮಾತು. ಆಳು ಸಿಗದೆ ಎಷ್ಟೋ ಕಡೆ ಗದ್ದೆ ಹಾಗೇ ಬಿದ್ದಿದೆ. ಊರ ಹಬ್ಬಕ್ಕೆ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ನಡೆಸಲು ಸಂತೋಷದಿಂದ ಬಿಟ್ಟುಕೊಡುತ್ತೀರಿ. ಅದೇ ಗದ್ದೆಯನ್ನು ಮಳೆಗಾಲದಲ್ಲಿ ಸಂಜೆ ಒಂದು ತಾಸು ಮಕ್ಕಳಿಗೆ ಕೊಡಿ. ಜಂಬಿಟ್ಟಿಗೆ ನೆಲದಲ್ಲಿ ಬಿದ್ದರೆ ಮಂಡಿ ಕಿತ್ತುಹೋಗುತ್ತದೆ, ಚೆಂಡಿನ ಹೊಲಿಗೆಯೂ ಬೇಗ ಬಿಚ್ಚುತ್ತದೆ. ಕೆಸರಿನಲ್ಲಿ ಬಿದ್ದರೆ ಅಮ್ಮನ ಹತ್ತಿರ ಬೈಸಿಕೊಳ್ಳಬೇಕು, ಅಷ್ಟೇ.

ಅಮ್ಮಂದಿರೇ, ಹೆಣ್ಣುಮಕ್ಕಳನ್ನೂ ಕಳಿಸಿ. “ನಮ್ಮ ಥರ ಬೆಟ್ಟವಾ?” ಅಂತ ಕೇಳಿದ ಹುಡುಗಿ ಎಂಟನೇ ಕ್ಲಾಸಿಗೆ ಬಂದ ಮೇಲೆ ಮೈದಾನಕ್ಕೆ ಬರುವುದು ನಿಂತಿತು. ಯಾಕೆ ಅಂತ ನಾನು ಹೋಗಿ ಮನೆಯಲ್ಲಿ ಕೇಳಲಿಲ್ಲ. ಕೇಳಬೇಕಿತ್ತು.

ಕರ್ನಾಟಕದ ಫುಟ್‌ಬಾಲ್ ಅಂದರೆ ಬೆಂಗಳೂರು ಅಂತ ಆಗಿಹೋಗಿದೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮೊದಲು ಗೆದ್ದದ್ದು ಅಲ್ಲಿಂದ 54 ವರ್ಷದ ಹಿಂದೆ, ಮೈಸೂರು ರಾಜ್ಯ ಅನ್ನುವ ಹೆಸರಿದ್ದಾಗ. ಅವತ್ತು ಎದುರಿಗೆ ನಿಂತ ಮೇಘಾಲಯವೂ ನಮ್ಮ ಹಾಗೇ ಬೆಟ್ಟ, ಮಳೆ, ಅಡಿಕೆ ಇರುವ ನಾಡು. ಆ ಮಳೆಯ ನಾಡಿನ ಮಕ್ಕಳು ಫೈನಲ್‌ವರೆಗೆ ಬಂದರು. ನಮ್ಮ ಮಳೆಯ ಮಕ್ಕಳು ಕರ್ನಾಟಕದ ಅಂಗಿ ಹಾಕಿ ಅಂಥ ಒಂದು ಫೈನಲ್ ಆಡುವುದನ್ನು ನೋಡಬೇಕು ಅಂತ ನನಗೆ ತುಂಬಾ ಆಸೆ ಇದೆ.

ನಮ್ಮೂರ ಭವನದ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಬರುವ ತಿಂಗಳು ಮತ್ತೆ ಸಭೆ ಇದೆ. ಆ ಹಿರಿಯರಿಗೆ ಈ ಪತ್ರವನ್ನು ನಾನೇ ಹೋಗಿ ಓದಿ ಹೇಳುತ್ತೇನೆ. ಸದಸ್ಯರೆಲ್ಲರೂ ಸಭೆಗೆ ಮೊದಲು ಒಂದು ಸಂಜೆ ಮೈದಾನಕ್ಕೆ ಬನ್ನಿ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲೇ ಇರುತ್ತಾರೆ. ಪಿಕಪ್ ಓಡಿಸುವ ನನ್ನ ಶಿಷ್ಯನ ಮಗಳೂ ಬರುತ್ತಾಳೆ. ಅವಳಿಗೆ ಈಗ ಒಂಬತ್ತು ವರ್ಷ. ಅವಳದೂ ಎಡಗಾಲು.

ಇಂತಿ ನಿಮ್ಮವ,
ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ